ಆಸಕ್ತಿಯ ಪಟ್ಟಿಯನ್ನು ಮಳೆಗಾಲದ ಲೆಕ್ಕದಲ್ಲಿ ಓದಿ

ಓದುಗರ ಪತ್ರ: ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಎಂ.ಎಸ್ಸಿ.ಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡಕ್ಕೂ ಅರ್ಜಿ ಹಾಕಿದ್ದೇವೆ. ವಿಭಾಗದ ಕೈಪಿಡಿಯಲ್ಲಿ ಪ್ರತಿಯೊಬ್ಬ ಅಧ್ಯಾಪಕರ ಹೆಸರಿನ ಕೆಳಗೆ ‘ಸಂಶೋಧನಾ ಆಸಕ್ತಿ’, ‘ಬೋಧನಾ ಆಸಕ್ತಿ’ ಎಂದು ಎರಡು ಸಾಲು ಇವೆ. ನಮ್ಮದು ಅಡಿಕೆ ತೋಟ. ಅವಳಿಗೆ ಕೊಳೆರೋಗದ ಮೇಲೆ ಕೆಲಸ ಮಾಡುವ ಆಸೆ, ಕಪ್ಪೆಗಳ ಮೇಲೂ ಮನಸ್ಸು. ಆ ಸಾಲುಗಳನ್ನು ನಂಬಿ ವಿಭಾಗ ಆರಿಸಬಹುದೇ? ಮುಂದೆ ಪಿಎಚ್.ಡಿ.ಗೂ ಅದೇ ಮಾರ್ಗದರ್ಶಕರು ಸಿಗುತ್ತಾರೆಯೇ?
— ಒಬ್ಬ ಓದುಗರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಬೋಧನೆಯ ಸಾಲಿಗೆ ಹೆಚ್ಚು ತೂಕ ಕೊಡಬೇಡಿ. ಪಠ್ಯಕ್ರಮವನ್ನು ನಿಗದಿ ಮಾಡುವುದು ಅಧ್ಯಯನ ಮಂಡಳಿ. ಜೀವಕೋಶ, ತಳಿಶಾಸ್ತ್ರ, ಜೀವರಸಾಯನ, ಸಂಖ್ಯಾಶಾಸ್ತ್ರದಂಥ ಕಡ್ಡಾಯ ಪತ್ರಿಕೆಗಳನ್ನು ಇರುವ ಅಧ್ಯಾಪಕರೇ ಹಂಚಿಕೊಳ್ಳಬೇಕು. ಮೀನಿನ ವರ್ಗೀಕರಣದಲ್ಲಿ ಪಳಗಿದವರು ತಳಿಶಾಸ್ತ್ರ ಪಾಠ ಮಾಡುತ್ತಿದ್ದರೆ ಅದರಲ್ಲಿ ವಿಶೇಷವೇನಿಲ್ಲ. ಅವರ ಸ್ವಂತ ವಿಷಯ ತರಗತಿಗೆ ಬರುವುದು ಐಚ್ಛಿಕ ಪತ್ರಿಕೆಯಲ್ಲಿ ಮತ್ತು ಪ್ರಾಜೆಕ್ಟ್‌ನಲ್ಲಿ ಮಾತ್ರ.

ಸಂಶೋಧನೆಯ ಸಾಲನ್ನು ಓದುವಾಗ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ. ಮಲೆನಾಡಿನ ಜೀವಿಗಳಲ್ಲಿ ಹಲವು ನಮಗೆ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ: ಕಪ್ಪೆ, ಅಣಬೆ, ಕೊಳೆರೋಗ ಎಲ್ಲವೂ. ಎಂ.ಎಸ್ಸಿ. ಪ್ರಾಜೆಕ್ಟ್ ಸಾಮಾನ್ಯವಾಗಿ ಬರುವುದು ನಾಲ್ಕನೇ ಸೆಮಿಸ್ಟರ್‌ಗೆ. ವೇಳಾಪಟ್ಟಿ ಹಳಿ ತಪ್ಪದಿದ್ದರೆ (ತಪ್ಪುವುದೇ ಹೆಚ್ಚು) ಅದು ಬೇಸಿಗೆ. ಬೇಸಿಗೆಯಲ್ಲಿ ಕೊಳೆರೋಗದ ಪ್ರಾಜೆಕ್ಟ್ ಕೈಗೆತ್ತಿಕೊಂಡವರು ಬೇರೆಯವರು ಕೂಡಿಟ್ಟ ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿಟ್ಟ ಜೀವಿ) ಮೇಲೆ ಪ್ರಯೋಗ ಮಾಡಬೇಕಾಗುತ್ತದೆ, ಇಲ್ಲವಾದರೆ ಹಳೆಯ ಪ್ರಬಂಧಗಳ ಸಾರ ಬರೆದು ಒಪ್ಪಿಸಬೇಕಾಗುತ್ತದೆ. ಆದ್ದರಿಂದ ನಿಮ್ಮ ಮಗಳು ಮೊದಲ ಸೆಮಿಸ್ಟರ್‌ನಲ್ಲೇ ಮಾರ್ಗದರ್ಶಕರನ್ನು ಕಂಡು ಮಾತಾಡಿ, ಮೊದಲ ವರ್ಷ ಮುಗಿದ ಕೂಡಲೇ ಬರುವ ಮಳೆಗಾಲದಲ್ಲಿ ಮಾದರಿ ಸಂಗ್ರಹಿಸಿಕೊಳ್ಳಬೇಕು.

ಕೊಳೆರೋಗದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಪ್ರಯೋಗಾಲಯದಲ್ಲಿ ಎಡವುವವರು ಬಹಳ. ರೋಗಕ್ಕೆ ಕಾರಣವಾದ ಫೈಟಾಪ್ತರ ಎಂಬ ಜೀವಿ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಕಂದು ಪಾಚಿ, ಡಯಾಟಮ್‌ಗಳ ದೂರದ ನಂಟ. ಅದರ ಚರಬೀಜಗಳಿಗೆ ಎರಡು ಬಾಲಗಳಿದ್ದು, ಕಾಯಿಯ ಮೇಲೆ ನಿಂತ ನೀರಿನ ತೆಳುಪೊರೆಯಲ್ಲಿ ಈಜುತ್ತವೆ. ಬಿಡದೆ ಸುರಿಯುವ ಮಳೆಯಲ್ಲಿ ರೋಗ ಗೊನೆಯಿಂದ ಗೊನೆಗೆ ಹಬ್ಬುವುದು ಇದರಿಂದಲೇ. ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವ ಹಳೆಯ ಪದ್ಧತಿ ಫಲ ಕೊಡುತ್ತಿದ್ದುದೂ ಕಾಯಿ ಒದ್ದೆಯಾಗದಂತೆ ತಡೆದದ್ದರಿಂದ.

ಪೂರ್ತಿ ಕೊಳೆತು ಬಿಳಿ ಬೂಸಲು ಹಿಡಿದ ಕಾಯಿಯನ್ನು ಪ್ರಯೋಗಾಲಯಕ್ಕೆ ತಂದರೆ ಕೆಲಸ ಅಲ್ಲೇ ಕೆಟ್ಟಂತೆ. ಅದರೊಳಗೆ ಅಷ್ಟರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ಕೊಳೆತ ಭಾಗಕ್ಕೂ ಹಸಿರು ಭಾಗಕ್ಕೂ ನಡುವಿನ ಅಂಚಿನಿಂದ ಕೆಲವೇ ಮಿಲಿಮೀಟರ್ ಚೂರು ಕತ್ತರಿಸಿ, ಶೇ. 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಸುಮಾರು ಒಂದು ನಿಮಿಷ ಅದ್ದಿ, ಸೂಕ್ಷ್ಮಾಣುರಹಿತ ನೀರಿನಲ್ಲಿ ಮೂರು ಸಲ ತೊಳೆದು, ಸೋಸುಕಾಗದದ ಮೇಲೆ ಒಣಗಿಸಿ ಮಾಧ್ಯಮದ (ಜೀವಿ ಬೆಳೆಸುವ ಪೋಷಕ ಪದರದ) ಮೇಲಿಡಬೇಕು. ಎಲ್ಲ ಕಡೆ ಸಿದ್ಧವಿರುವುದು ಆಲೂಗಡ್ಡೆ ಅಗಾರ್: ಲೀಟರಿಗೆ 200 ಗ್ರಾಂ ಆಲೂಗಡ್ಡೆಯ ಬಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, 15–20 ಗ್ರಾಂ ಅಗಾರ್; ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 15–20 ನಿಮಿಷ. ಫೈಟಾಪ್ತರಕ್ಕೆ ಇದು ಅಷ್ಟು ಒಗ್ಗದು. ಇದರ ಮೇಲೆ ಫ್ಯುಸೇರಿಯಂ ಮುಂದೋಡಿ ತಟ್ಟೆಯನ್ನೆಲ್ಲ ಆಕ್ರಮಿಸುತ್ತದೆ. ಕ್ಯಾರೆಟ್ ಅಗಾರ್ ವಾಸಿ. ಅದಕ್ಕೆ ಬೇಡದ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ತಡೆಯುವ ಪಿಮಾರಿಸಿನ್, ಆಂಪಿಸಿಲಿನ್, ರಿಫಾಂಪಿಸಿನ್ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಇವನ್ನು ಸೇರಿಸುವುದು ಮಾಧ್ಯಮ 50 ಡಿಗ್ರಿಯಷ್ಟು ಆರಿದ ಮೇಲೆ. ಮೊದಲೇ ಹಾಕಿದರೆ ಬಿಸಿಗೆ ಹಾಳಾಗುತ್ತವೆ. ಪಿಮಾರಿಸಿನ್ ಹಿಡಿಯುವುದು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು. ನಿಜವಾದ ಶಿಲೀಂಧ್ರಗಳ ಪೊರೆಯಲ್ಲಿ ಅದಿದೆ, ಫೈಟಾಪ್ತರ ಅದನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಉಳಿದವು ಸಾಯುತ್ತವೆ, ಇದು ಬದುಕುತ್ತದೆ. ಎರ್ಗೋಸ್ಟೆರಾಲ್ ತಯಾರಿಗೆ ಅಡ್ಡಿಪಡಿಸುವ ಅಜೋಲ್ ಗುಂಪಿನ ಔಷಧಿಗಳನ್ನು ಕೊಳೆಗೆ ಹೊಡೆದರೆ ಹಣ ದಂಡವಾಗುವುದೂ ಇದೇ ಕಾರಣಕ್ಕೆ. ಬೆಳೆದುಬಂದದ್ದನ್ನು ಆರೋಗ್ಯವಂತ ಕಾಯಿಗೆ ತಗುಲಿಸಿ, ಅದೇ ಲಕ್ಷಣ ಕಂಡು, ಅದೇ ಜೀವಿಯನ್ನು ಮತ್ತೆ ಬೇರ್ಪಡಿಸಿದ ಮೇಲೆಯೇ ಕಾರಣ ಇಂಥದ್ದು ಎಂದು ಬರೆಯಬಹುದು.

ಇಷ್ಟು ದೂರ ಹೋಗದೆಯೂ ಒಳ್ಳೆಯ ಪ್ರಾಜೆಕ್ಟ್ ನಿಮ್ಮ ಊರಲ್ಲೇ ಇದೆ. ಕೊಳೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ, 1 ಕಿಲೋ ಸುಣ್ಣವನ್ನು ಇನ್ನು 50 ಲೀಟರ್‌ನಲ್ಲೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಸುಣ್ಣ ಹಳತಾಗಿ ಸತ್ವ ಕಳೆದಿದ್ದರೆ ದ್ರಾವಣ ಆಮ್ಲೀಯವಾಗಿ ಉಳಿಯುತ್ತದೆ. ಅದರಲ್ಲಿ ಅದ್ದಿದ ಕಬ್ಬಿಣದ ಕತ್ತಿಗೆ ಕೆಂಪು ತಾಮ್ರ ಕೂರುತ್ತದೆ, ಹೊಡೆದರೆ ಎಳೆಗಾಯಿ ಸುಡುತ್ತದೆ. ಇಪ್ಪತ್ತು ತೋಟಗಳಲ್ಲಿ ಹೊಡೆಯುವ ದಿನವೇ ದ್ರಾವಣದ ಪಿಎಚ್ ಅಳೆದು, ಬಳಸಿದ ಸುಣ್ಣ ಎಂಥದ್ದೆಂದು ಬರೆದುಕೊಂಡು, ಗುರುತು ಹಾಕಿದ ಗೊನೆಗಳಲ್ಲಿ ಉದುರಿದ ಕಾಯಿಯನ್ನು ವಾರಕ್ಕೊಮ್ಮೆ ಎಣಿಸಿದರೆ ಅದು ದುಬಾರಿ ಯಂತ್ರವಿಲ್ಲದೆ ಆಗುವ ಗಟ್ಟಿ ಕೆಲಸ. ಹೊಡೆಯದ ಗೊನೆಗಳನ್ನೂ ಒಂದಷ್ಟು ಬಿಡಬೇಕು. ಇದಕ್ಕೆ ಯಾವ ತೋಟದ ಯಜಮಾನರೂ ಸುಲಭಕ್ಕೆ ಒಪ್ಪುವುದಿಲ್ಲ. ನಿಮ್ಮದೇ ತೋಟವಾದರೆ ಆ ತಾಪತ್ರಯವಿಲ್ಲ.

ಒಂದು ಎಚ್ಚರಿಕೆ. ಅವಳ ಒಲವು ಔಷಧಿ, ತಳಿ, ತೋಟದ ನಿರ್ವಹಣೆಯ ಕಡೆಗಿದ್ದರೆ ಅದನ್ನು ಕಲಿಸುವುದು ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಅಲ್ಲಿನ ಸಸ್ಯರೋಗಶಾಸ್ತ್ರದ ಎಂ.ಎಸ್ಸಿ.ಗೆ ಕೃಷಿ ಅಥವಾ ತೋಟಗಾರಿಕೆಯ ಪದವಿಯೇ ಬೇಕು, ಸಾಮಾನ್ಯ ಬಿ.ಎಸ್ಸಿ. ಸಾಲದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ರೋಗಕಾರಕ ಜೀವಿಯನ್ನು ಅಭ್ಯಾಸ ಮಾಡಬಹುದು.

ಕಪ್ಪೆಯ ಕೆಲಸ ರಾತ್ರಿಯದು, ಕಾಡಿನದು. ಗಂಡು ಕಪ್ಪೆ ಮೊಟ್ಟೆಗಳ ಮೇಲೆ ಕೆಸರು ಮೆತ್ತುವ ಕುಂಬಾರ ಕಪ್ಪೆ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ನಮ್ಮ ಪಕ್ಕದ ಉತ್ತರ ಕನ್ನಡದ ಕಾಡಿನಿಂದ. ಇನ್ನೂ ನೋಡುವುದು ಬೇಕಾದಷ್ಟಿದೆ. ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 28ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿಯುವುದಾದರೆ 12ನೇ ಕಲಮಿನ ಅನುಮತಿಯೂ ಬೇರೆಯಾಗಿ ಬೇಕು. ಅರ್ಜಿ ವಿಭಾಗದ ಮೂಲಕ ಹೋಗಬೇಕು, ಒಂದೆರಡು ವಾರದಲ್ಲಿ ಕೈಗೆ ಬರುವುದಲ್ಲ. ಅನುಮತಿ ಬಾರದಿದ್ದರೆ ತೋಟದ ಕಾಲುವೆ, ಗದ್ದೆಯ ಅಂಚು ಇದ್ದೇ ಇದೆ. ನೂರು ಮೀಟರ್ ಗುರುತು ಮಾಡಿ, ಇಬ್ಬರು ಜೊತೆಯಾಗಿ, ಪ್ರತಿ ಸಲವೂ ಒಂದೇ ಹೊತ್ತಿಗೆ ನಡೆದು, ಕಂಡ ಕಪ್ಪೆಯನ್ನೂ ಕೇಳಿದ ಕೂಗನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು. ಎರಡನ್ನೂ ಕೂಡಿಸಿದರೆ ಒಂದೇ ಕಪ್ಪೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಪೊದೆಗಪ್ಪೆಗಳನ್ನು ಬಣ್ಣ ನೋಡಿ ಗುರುತಿಸಲು ಹೋಗಬಾರದು, ಒಂದೇ ಜಾತಿಯಲ್ಲಿ ಹಲವು ಬಣ್ಣಗಳಿರುತ್ತವೆ. ಕೂಗಿನ ಧ್ವನಿಮುದ್ರಣ ಬೇಕು. ಹಳ್ಳದ ಮೊರೆತದಲ್ಲಿ ಅದು ಮುಳುಗಿಹೋಗುವುದರಿಂದ ಮೈಕನ್ನು ಕಪ್ಪೆಯ ಹತ್ತಿರಕ್ಕೆ ಒಯ್ಯಬೇಕಾಗುತ್ತದೆ. ಆ ದಿನದ ಮಳೆ, ಉಷ್ಣಾಂಶ ಬರೆಯದಿದ್ದರೆ ಒಣ ರಾತ್ರಿಯ ಎಣಿಕೆಯನ್ನು ಒದ್ದೆ ರಾತ್ರಿಯದರೊಂದಿಗೆ ಹೋಲಿಸಿ ‘ಕಪ್ಪೆ ಕಡಿಮೆಯಾಗಿದೆ’ ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ. ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಕಾಲುಚೀಲ ಮರೆಯಬೇಡಿ.

ಬೇಸಿಗೆಗೆ ಹೊಂದುವ ವಿಷಯಗಳೂ ಇವೆ: ಕಾನಿನ (ನಿತ್ಯಹಸಿರು ಕಾಡಿನ) ಮರಗಳ ಗಣತಿ, ಹೂ ಬಿಡುವ ಕಾಲದ ದಾಖಲೆ, ಹಳ್ಳದ ಕೀಟಗಳು. ಉಣುಗಿನ ವಿಷಯ ಮಾತ್ರ ಬೇಡ ಎನ್ನುತ್ತೇವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಮರಿ ಉಣುಗು ಚುರುಕಾಗಿರುವುದೂ ಬೇಸಿಗೆಯಲ್ಲೇ. ಅನುಭವಿಗಳ ತಂಡ, ರಕ್ಷಣಾ ಉಡುಪು ಇಲ್ಲದೆ ವಿದ್ಯಾರ್ಥಿ ಬಟ್ಟೆ ಎಳೆದು ಉಣುಗು ಹಿಡಿಯುವ ಕೆಲಸವಲ್ಲ ಅದು.

ಪಿಎಚ್.ಡಿ.ಗೆ ಅದೇ ಮಾರ್ಗದರ್ಶಕರು ಸಿಗುವ ಖಾತ್ರಿ ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನಷ್ಟೇ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಂ.ಎಸ್ಸಿ.ಗೇ ಎರಡು ವರ್ಷ ಹೋಗುತ್ತದೆ. ಅವರ ಹತ್ತಿರ ಎಷ್ಟು ಜಾಗ ಖಾಲಿ ಇದೆ, ಸೇವೆ ಎಷ್ಟು ವರ್ಷ ಉಳಿದಿದೆ ಎಂದು ವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ; ಕೇಳಲು ಸಂಕೋಚ ಬೇಡ. ಆ ಅಧ್ಯಾಪಕರ ಬಳಿ ಈಗ ಇರುವ ಸಂಶೋಧನಾ ವಿದ್ಯಾರ್ಥಿಗಳನ್ನೂ ಮಗಳು ಒಮ್ಮೆ ಕಂಡು, ಕಳೆದ ಮಳೆಗಾಲದಲ್ಲಿ ಅವರು ಎಲ್ಲಿದ್ದರು ಎಂದು ಕೇಳಲಿ.

— ಸಂ.