ಎಡಗಡೆ ಸೀಟಿನಲ್ಲಿ ಮಾವ

ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದ ಒಬ್ಬರ ಮತ್ತು ಅವರ ಮಾವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಮನೆಯಿರುವ ಜಾಗ, ಗುರುತು ಸಿಗುವಂಥ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ.

ಶ್ವೇತಾ ಎಂದು ಕರೆಯೋಣ. ವಯಸ್ಸು 32. ಉಡುಪಿಯಿಂದ ಸ್ವಲ್ಪ ಒಳಗೆ ಮನೆ. ಗಂಡನಿಗೆ ಹಡಗಿನಲ್ಲಿ ಕೆಲಸ, ಒಮ್ಮೆ ಹೋದರೆ ಆರೇಳು ತಿಂಗಳು ಬರುವುದಿಲ್ಲ. ಮನೆಯಲ್ಲಿ ಮಂಡಿನೋವಿನ ಅತ್ತೆ, ಮಾವ, ಒಂದನೇ ಕ್ಲಾಸಿನ ಮಗಳು. ಅಂಗಳದಲ್ಲಿ ಒಂದು ಕಾರು.

ಅವರು ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಡಾಕ್ಟರು ಬಿಪಿ, ಥೈರಾಯ್ಡ್ ಎಲ್ಲ ನೋಡಿ, ಏನೂ ತೊಂದರೆ ಇಲ್ಲ, ಒಮ್ಮೆ ಮಾತಾಡಿಸಿ ಎಂದು ನನ್ನ ಹತ್ತಿರ ಕಳಿಸಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಡ್ರೈವಿಂಗ್ ಟೆಸ್ಟಲ್ಲಿ ಫೇಲಾದ ಮೇಲೆ" ಎಂದು ಹೇಳಿ ತಾವೇ ನಕ್ಕರು. "ಇದಕ್ಕೆಲ್ಲ ಕೌನ್ಸೆಲಿಂಗ್ ಉಂಟಾ ಮೇಡಂ?"

ಉಂಟು. ಇಂಥವರು ಬರುತ್ತಲೇ ಇರುತ್ತಾರೆ, ಆದರೆ ಯಾರೂ ಕಾರಿನ ವಿಷಯದಿಂದ ಮಾತು ಶುರು ಮಾಡುವುದಿಲ್ಲ ಅಷ್ಟೆ. ತಲೆನೋವು, ಗ್ಯಾಸ್ಟ್ರಿಕ್ ಎಂದು ಶುರುವಾಗುತ್ತದೆ.

ಮೇ ತಿಂಗಳ ನಡುವಿನಲ್ಲಿ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಆಗಿತ್ತು. ಅದಕ್ಕೆ ಆರು ತಿಂಗಳ ಅವಧಿ. ಮೂವತ್ತು ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಇವರು ಜುಲೈಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಹೋಗಿದ್ದರು. ಎರಡು ಸಲವೂ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಹಿಂದೆ ಜಾರಿತ್ತು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಆದರೆ ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಅಷ್ಟರಲ್ಲಿ ಎಲ್‌ಎಲ್‌ಆರ್ ಮುಗಿದಿರುತ್ತದೆ. ಇದನ್ನೆಲ್ಲ ಅವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟಿದ್ದರು. ರಾತ್ರಿ ನಿದ್ದೆ ಬರದಿದ್ದರೆ ಆಶ್ಚರ್ಯ ಏನಿದೆ?

ಹೆದರಿಕೆಗೆ ನೂರರಲ್ಲಿ ಮಾರ್ಕು ಕೊಡಿ ಎಂದೆ. ಮಲ್ಪೆ ಕಡೆ ಬೆಳಗ್ಗೆ ಖಾಲಿ ರಸ್ತೆ, 10. ಕಲ್ಸಂಕ ಜಂಕ್ಷನ್, 60. ಮಣಿಪಾಲದ ಏರಿನಲ್ಲಿ ಬಸ್ಸಿನ ಹಿಂದೆ ನಿಂತು ಮತ್ತೆ ಹೊರಡುವುದು ಎಂದಾಗ ಸ್ವಲ್ಪ ತಡೆದರು.

"ಡ್ರೈವಿಂಗ್ ಸ್ಕೂಲಿನ ಸರ್ ಜೊತೆಯಾ, ಮಾವನ ಜೊತೆಯಾ?"

ಬೇರೆ ಬೇರೆ ಮಾರ್ಕು ಉಂಟಾ ಎಂದು ಕೇಳಿದೆ. ಸರ್ ಜೊತೆ 40. ಮಾವನ ಜೊತೆ 95.

ಮಾವ 31 ವರ್ಷ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ ಓಡಿಸಿದವರು. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಪ್ರತಿ ತಿರುವೂ ಗೊತ್ತು. ಸೊಸೆಗೆ ತಾನೇ ಕಲಿಸುತ್ತೇನೆಂದು ಹುಮ್ಮಸ್ಸಿನಿಂದ ಎಡಗಡೆ ಕೂರುತ್ತಿದ್ದರು. ಕೂತ ಮೇಲೆ "ಬ್ರೇಕ್, ಬ್ರೇಕ್, ಬ್ರೇಕ್! ಕ್ಲಚ್ ಬಿಡುವುದು ಎಂತಕ್ಕೆ? ಬಿಡು ಬಿಡು, ಸ್ಟೇರಿಂಗ್ ನನಗೆ ಬಿಡು!" ಗಂಡನಿಗೆ ಫೋನಿನಲ್ಲಿ ಹೇಳಿದರೆ, "ಅಪ್ಪನಿಗಿಂತ ಒಳ್ಳೆ ಗುರು ಬೇಕಾ ನಿಂಗೆ?" ಎಂಬ ಉತ್ತರ. ಮಾವನಿಗೆ ಎದುರು ಮಾತಾಡುವ ಅಭ್ಯಾಸ ಶ್ವೇತಾಗೆ ಇಲ್ಲ. ಸುಮ್ನೆ ತಲೆ ಆಡಿಸುತ್ತಿದ್ದರು.

"ಇಳಿದು ನೋಡಿದ್ರೆ ಎಡಗಡೆಯ ಮ್ಯಾಟ್ ಮಡಚಿ ಮುಂದೆ ಹೋಗಿರ್ತದೆ ಮೇಡಂ" ಎಂದರು. "ಅವರು ಕಾಲಿನಲ್ಲಿ ಬ್ರೇಕ್ ಒತ್ತುವುದು. ಅಲ್ಲಿ ಬ್ರೇಕ್ ಇಲ್ಲ. ದಿನಾ ನಾನೇ ಸರಿ ಮಾಡಿ ಇಡುವುದು."

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮಾವನ ಜೊತೆ ಹೋಗಬೇಡಿ, ಡ್ರೈವಿಂಗ್ ಸ್ಕೂಲಿಗೆ ಮಾತ್ರ ಹೋಗಿ ಎಂದೆ. ಸುಲಭದ ಸಲಹೆ, ಅಲ್ವಾ? ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತದೆ, ಅವರು ಕಿರುಚಬೇಕಾಗಿಲ್ಲ. ಎರಡು ವಾರದ ನಂತರ ಬಂದವರ ಮುಖ ಮೊದಲಿಗಿಂತ ಸೊರಗಿತ್ತು. ಮಾವ ಜಗಲಿಯಲ್ಲಿ ಮಾತಿಲ್ಲದೆ ಕೂರುತ್ತಾರಂತೆ. ಕಾರು ತೊಳೆಯುವುದನ್ನೂ ಬಿಟ್ಟಿದ್ದಾರಂತೆ. ಅತ್ತೆ ಒಮ್ಮೆ, "ಅವರಿಗೆ ಇನ್ನು ಆ ಒಂದು ಕೆಲಸ ಇತ್ತು" ಎಂದರಂತೆ. ಲೈಸೆನ್ಸ್ ಸಿಗುವವರೆಗೆ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಒಬ್ಬರು ಕೂರಲೇಬೇಕು. ಆ ಮನೆಯಲ್ಲಿ ಹಾಗೆ ಕೂರಬಲ್ಲವರು ಅವರೊಬ್ಬರೇ. ನಾನು ಮನೆಯನ್ನು ನೋಡದೆ ಕಾರನ್ನು ಮಾತ್ರ ನೋಡಿದ್ದೆ.

ಮಾವನನ್ನು ಕರೆದುಕೊಂಡು ಬನ್ನಿ ಎಂದೆ.

ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತರು. ನಾನು ಕಿರುಚಾಟದ ಸುದ್ದಿ ಎತ್ತಲಿಲ್ಲ. ನೀವು ಹೇಗೆ ಕಲಿತದ್ದು ಎಂದು ಕೇಳಿದೆ. ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಅಂತೆ. ಗೇರ್ ತಪ್ಪಿದರೆ ಡ್ರೈವರ್ ತಲೆಗೇ ಹೊಡೆಯುತ್ತಿದ್ದ. "ನಾನು ಹೊಡೆಯುವುದಿಲ್ಲವಲ್ಲ" ಎಂದರು, ತುಂಬಾ ಗಂಭೀರವಾಗಿ. ಅವರ ಲೆಕ್ಕದಲ್ಲಿ ಅವರು ಮೃದು ಗುರು.

ಕೋಣೆಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಹಾಕಿದೆ. ಬಲಗಡೆ ಶ್ವೇತಾ, ಎಡಗಡೆ ಮಾವ. ಕಣ್ಣು ಮುಚ್ಚಿ, ಮನೆಯಿಂದ ಕಲ್ಸಂಕದವರೆಗೆ ಬಾಯಲ್ಲೇ ಓಡಿಸಿಕೊಂಡು ಹೋಗಿ ಎಂದೆ. ಶ್ವೇತಾ ಶುರು ಮಾಡಿದರು. "ಎರಡನೇ ಗೇರು. ಎದುರು ಬಸ್ಸು ಬರ್ತಾ ಉಂಟು." ಕೂಡಲೇ ಮಾವನ ಬಲಗಾಲು ನನ್ನ ಕೋಣೆಯ ಟೈಲ್ಸನ್ನು ಒತ್ತಿತು. ಚಪ್ಪಲಿ ಕಿರ್ ಎಂದಿತು. ಮೂವರೂ ಆ ಕಾಲನ್ನು ನೋಡಿದೆವು. ಮೊದಲು ನಕ್ಕದ್ದು ಸೊಸೆ.

ಸ್ವಲ್ಪ ಹೊತ್ತು ಬಿಟ್ಟು ಮಾವ ಹೇಳಿದ್ದನ್ನು ನಾನು ಆಮೇಲೆ ನೋಟ್ಸಿನಲ್ಲಿ ಹಾಗೆಯೇ ಬರೆದುಕೊಂಡೆ. "ಅವಳು ಅದನ್ನು ನೋಡಿದ್ದಾಳಾ ಇಲ್ಲವಾ ನನಗೆ ಹೇಗೆ ಗೊತ್ತಾಗಬೇಕು? ಇವಳು ಮಾತೇ ಆಡುವುದಿಲ್ಲ."

ಅಲ್ಲಿಗೆ ಗಂಟು ಸಿಕ್ಕಿತು. ಸೊಸೆ ಗೌರವದಿಂದ ಬಾಯಿ ಮುಚ್ಚಿಕೊಂಡು ಓಡಿಸುತ್ತಿದ್ದಳು. ಆ ಮೌನವೇ ಮಾವನಿಗೆ ಭಯ. ಅವರು ಕಿರುಚಿದಷ್ಟೂ ಇವಳ ಕಾಲು ಕ್ಲಚ್ಚಿನ ಮೇಲೆ ನಡುಗುತ್ತಿತ್ತು.

ಸಲಹೆ ಹೀಗಿತ್ತು. ಶ್ವೇತಾ ಓಡಿಸುವಾಗ ಕಂಡದ್ದನ್ನೆಲ್ಲ ಬಾಯಿ ಬಿಟ್ಟು ಹೇಳುತ್ತಾ ಹೋಗಬೇಕು: "ಎಡಕ್ಕೆ ಸ್ಕೂಟರ್, ನಿಧಾನ ಮಾಡ್ತೇನೆ." ಇದರಿಂದ ಮಾವನಿಗೆ ಧೈರ್ಯ, ಶ್ವೇತಾಗೂ ಗಮನ ಬೇರೆ ಕಡೆ ಹೋಗುವುದಿಲ್ಲ. ಮಾವ ಇನ್ನು ಡ್ರೈವರ್ ಅಲ್ಲ, ಕಂಡಕ್ಟರ್. ಎರಡೇ ಮಾತು, "ರೈಟ್" ಮತ್ತು "ನಿಲ್ಲಿಸು". ಇದು ಅವರಿಗೆ ಎಷ್ಟು ಹಿಡಿಸಿತೆಂದರೆ, "ರೈಟ್ ಪೋಯಿ ಅನ್ನಬಹುದಾ?" ಎಂದು ಕೇಳಿದರು. ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ. ಅನ್ನಬಹುದು. ತಪ್ಪು ಹೇಳುವುದಿದ್ದರೆ ಮನೆಗೆ ಬಂದು ಚಾ ಕುಡಿಯುವಾಗ, ದಿನಕ್ಕೆ ಒಂದೇ ತಪ್ಪು. ಮಾವನ ಜೊತೆ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಉಳಿದದ್ದು ಸ್ಕೂಲಿನಲ್ಲಿ. ಹೆದರಿಕೆಯ ಪಟ್ಟಿಯಲ್ಲಿ ಕೆಳಗಿನಿಂದ ಮೇಲೆ, ಒಂದು ಜಾಗ 30ಕ್ಕೆ ಇಳಿಯುವವರೆಗೆ ಮುಂದಿನದಕ್ಕೆ ಹೋಗಬಾರದು. ಏರಿನಲ್ಲಿ ಹೊರಡುವ ಕ್ರಮ ಮಾತ್ರ ಸ್ಕೂಲಿನ ಸರ್ ಹೇಳಿದ್ದೇ ಇರಲಿ ಎಂದೆ. ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ನಿಧಾನ ಬಿಟ್ಟು, ಇಂಜಿನ್ ಸದ್ದು ಭಾರವಾಗಿ ಬಾನೆಟ್ ಸ್ವಲ್ಪ ಎದ್ದಾಗ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡುವುದು. ಮಾವ ಹ್ಯಾಂಡ್‌ಬ್ರೇಕ್ ಇಲ್ಲದೆಯೇ ಹೊರಡುವವರು. ಒಬ್ಬರಿಗೆ ಇಬ್ಬರು ಎರಡು ರೀತಿ ಕಲಿಸಿದರೆ ಕಾಲು ಯಾರ ಮಾತು ಕೇಳಬೇಕು?

ನಡುವೆ ನೆಂಟರೊಬ್ಬರು, "ಮೂರನೇ ಸಲ ಯಾರಿಗಾದರೂ ಹೇಳಿಸಿ ಪಾಸ್ ಮಾಡಿಸೋಣ" ಎಂದಿದ್ದರಂತೆ. ಬೇಡ ಎಂದೆ. ಕಾರ್ಡ್ ಬಂದ ಮರುದಿನವೂ ಮಗಳನ್ನು ಕೂರಿಸಿಕೊಂಡು ಅದೇ ಏರು ಹತ್ತಬೇಕಲ್ಲ.

ಟೆಸ್ಟಿನ ಹಿಂದಿನ ವಾರ ಕೂತು ಫೇಲಾದರೆ ಆಗುವ ನಷ್ಟವನ್ನು ಕಾಗದದಲ್ಲಿ ಬರೆಸಿದೆ. ಕೆಲವು ನೂರು ರೂಪಾಯಿ ಫೀಸು, ಇನ್ನೊಮ್ಮೆ ಕಂಪ್ಯೂಟರ್ ಪರೀಕ್ಷೆ, ಹೊಸ ಎಲ್‌ಎಲ್‌ಆರ್, ಮತ್ತೆ 30 ದಿನ. "ಇಷ್ಟೇನಾ?" ಎಂದರು. ಅಷ್ಟೇ.

ಅಕ್ಟೋಬರಿನಲ್ಲಿ ಏರು ಚೆನ್ನಾಗಿ ಹತ್ತಿತು. ತಿರುಗಿಸುವಾಗ ಇಂಡಿಕೇಟರ್ ಹಾಕಲು ಮರೆತು ಫೇಲಾದರು. ನಾವೆಲ್ಲ ಏರಿನ ಹಿಂದೆ ಬಿದ್ದಿದ್ದೆವು, ನಾನೂ ಸೇರಿ. ಆ ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಎದ್ದೆ ಎಂದು ಮರುದಿನ ಮೆಸೇಜ್ ಬಂತು. ನನ್ನ ಮಟ್ಟಿಗೆ ಕೇಸ್ ಅಂದೇ ಮುಗಿಯಿತು. ಡಿಸೆಂಬರಿನಲ್ಲಿ ಹೊಸ ಎಲ್‌ಎಲ್‌ಆರ್ ಮಾಡಿಸಿ, ಜನವರಿ ಕೊನೆಗೆ ಪಾಸಾದರು.

ಮಾರ್ಚಿನಲ್ಲಿ ಫೋನ್ ಮಾಡಿದ್ದರು. ಮಾವನನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗಿದ್ದರಂತೆ, ಅದೇ ಹಳೇ ರೂಟು. ಕಾಪು ದಾಟುವಾಗ ಪಕ್ಕದಿಂದ ಗೊರಕೆ ಕೇಳಿಸಿತಂತೆ. ಮೂಲ್ಕಿಯಲ್ಲಿ ಎಚ್ಚರವಾಗಿ ಅವರು ಮೊದಲು ಕೇಳಿದ್ದು, "ಇಂಡಿಕೇಟರ್ ಹಾಕಿದ್ದೀಯಾ?"