ಆ ಮಗುವಿನ ಜೀವನಶೈಲಿ ಯಾವುದು?

ಪ್ರಿಯರೇ,

ಏಡ್ಸ್ ಬಂದದ್ದು ಸ್ವೇಚ್ಛೆಯ ಜೀವನಶೈಲಿಯಿಂದ ಎನ್ನುವ ‘ಸ್ವೇಚ್ಛೆ ತಂದ ಸಾವು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾರೆ. ಭಾಷೆ ಚೆನ್ನಾಗಿದೆ, ಕೆಲವೆಡೆ ತೀರಾ ಚೆನ್ನಾಗಿದೆ. ನನಗೆ ಅನುಮಾನ ಹುಟ್ಟಿದ್ದೂ ಅಲ್ಲಿಯೇ.

1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾದ ವರದಿ ಪ್ರಕಟವಾಯಿತು. ಐವರೂ ಸಲಿಂಗಕಾಮಿಗಳು. ನೀವು ಅಲ್ಲಿಂದ ಒಂದೇ ನೆಗೆತಕ್ಕೆ ನೀತಿಬೋಧೆಗೆ ಹಾರಿದ್ದೀರಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಹಾಗೆ ಹಾರದೆ ಪ್ರಶ್ನೆ ಕೇಳುತ್ತ ಹೋದರು. ಮತ್ತಿಗಾಗಿ ‘ಪಾಪರ್ಸ್’ ಎಂದು ಮೂಸುತ್ತಿದ್ದ ನೈಟ್ರೈಟ್ ಎಂಬ ರಾಸಾಯನಿಕ ಕಾರಣವೇ? 50 ರೋಗಿಗಳನ್ನು 120 ಆರೋಗ್ಯವಂತ ಸಲಿಂಗಕಾಮಿಗಳ ಜೊತೆ ಹೋಲಿಸಿದಾಗ ಎದ್ದು ಕಂಡ ವ್ಯತ್ಯಾಸ ಸಂಗಾತಿಗಳ ಸಂಖ್ಯೆ. ನೀವು ಇದನ್ನು ಪಾಪದ ಲೆಕ್ಕವೆಂದು ಓದಿದ್ದೀರಿ. ಅವರು ಅಂಟುರೋಗದ ಸುಳಿವೆಂದು ಓದಿದರು.

1982ರ ಜುಲೈನಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಮೂವರು ರೋಗಿಗಳಿಗೂ ಅದೇ ನ್ಯುಮೋನಿಯಾ ಬಂದದ್ದು ವರದಿಯಾಯಿತು. ಅವರು ತೆಗೆದುಕೊಳ್ಳುತ್ತಿದ್ದದ್ದು ಸಾವಿರಾರು ದಾನಿಗಳ ರಕ್ತದಿಂದ ತಯಾರಾದ ಔಷಧ. ಡಿಸೆಂಬರ್‌ನಲ್ಲಿ, ರಕ್ತ ಪಡೆದು ಇದೇ ರೋಗಕ್ಕೆ ತುತ್ತಾದ ಒಂದು ಹಸುಗೂಸಿನ ವರದಿ. ನಿಮ್ಮ ಲೇಖನದಲ್ಲಿ ಇವರು ಯಾರೂ ಇಲ್ಲ. ಮರೆತಿರೋ, ಬಿಟ್ಟಿರೋ? ಆ ಮಗುವಿನ ಜೀವನಶೈಲಿ ಯಾವುದೆಂದು ಬರೆಯುತ್ತಿದ್ದಿರಿ?

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರನ್ನು ಒಂದು ಸಾಲಿನಲ್ಲಿ ಮುಗಿಸಿದ್ದಕ್ಕೆ. ಮೆಡಿಟರೇನಿಯನ್ ತೀರದ ಮುದುಕರ ಕಾಲಿನಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಗಡ್ಡೆ ನ್ಯೂಯಾರ್ಕಿನ ಯುವಕರ ಮುಖದ ಮೇಲೆ, ಬಾಯೊಳಗೆ ನೇರಳೆ ಕಲೆಗಳಾಗಿ ಮೂಡಿತು. ಆದರೆ ಏಡ್ಸ್ ಬಂದ ಹಿಮೋಫಿಲಿಯಾ ರೋಗಿಗಳಲ್ಲಿ ಅದು ಅಪರೂಪ. ಏಕೆ? 1994ರಲ್ಲಿ ಉತ್ತರದ ಎಳೆ ಸಿಕ್ಕಿತು: ಆ ಗಡ್ಡೆಯ ಹಿಂದೆ ಏಡ್ಸ್ ವೈರಸ್ ಅಲ್ಲದೆ ಹರ್ಪಿಸ್ ಕುಲದ ಇನ್ನೊಂದು ವೈರಸ್ ಇತ್ತು; ಅದು ಲೈಂಗಿಕ ಸಂಪರ್ಕದಿಂದ ಹರಡುತ್ತಿತ್ತು, ರಕ್ತದ ಔಷಧದಿಂದ ಅಷ್ಟಾಗಿ ಅಲ್ಲ. ಬದುಕಿನ ರೀತಿಗೂ ರೋಗದ ರೂಪಕ್ಕೂ ಇರುವ ನಂಟು ಎಂದರೆ ಇದು. ನಿಮ್ಮ ಲೇಖನದ ಜೀವ ಇಲ್ಲಿತ್ತು, ನೀವು ಮೆಟ್ಟಿಕೊಂಡು ಹೋಗಿದ್ದೀರಿ.

‘ನಮ್ಮ ಸಂಸ್ಕೃತಿ ನಮ್ಮನ್ನು ಕಾಯಿತು’ ಎಂಬ ಕೊನೆಯ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿ. 1986ರಲ್ಲೇ ಚೆನ್ನೈನಲ್ಲಿ ವೈದ್ಯೆ ಸುನೀತಿ ಸಾಲೊಮನ್ ಅವರ ತಂಡ ಏಡ್ಸ್ ವೈರಸ್ಸಿನ ಸೋಂಕನ್ನು ಪತ್ತೆ ಮಾಡಿತ್ತು.

ಮತ್ತೆ ಬರೆಯುವಿರಾದರೆ ಸಾಂಡ್ರಾ ಫೋರ್ಡ್ ಅವರಿಂದ ಆರಂಭಿಸಿ. ರೋಗ ನಿಯಂತ್ರಣ ಕೇಂದ್ರದಲ್ಲಿ, ಆ ನ್ಯುಮೋನಿಯಾಕ್ಕೆ ಕೊಡುವ ಪೆಂಟಮಿಡೀನ್ ಎಂಬ ಅಪರೂಪದ ಔಷಧಕ್ಕೆ ಬರುವ ಬೇಡಿಕೆಗಳನ್ನು ನೋಡಿಕೊಳ್ಳುತ್ತಿದ್ದ ಆಕೆಗೆ, ಕಾರಣ ತಿಳಿಯದ ಯುವ ರೋಗಿಗಳಿಗಾಗಿ ಅದನ್ನು ಮತ್ತೆ ಮತ್ತೆ ಕೇಳುತ್ತಿರುವುದು ವಿಚಿತ್ರವೆನಿಸಿತು. ಎಂಟುನೂರು ಪದ ಸಾಕು. ಶೀರ್ಷಿಕೆಯನ್ನು ನನಗೆ ಬಿಡಿ.

ಸಂಪಾದಕ