ಸಂಪಾದಕರ ಉತ್ತರ: ಕಲಿತ ಮಾರ್ಕೆಟಿಂಗ್ ಕೈಕೊಡುವುದೇಕೆ?

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಸಾರವನ್ನಷ್ಟೇ ಹೇಳುತ್ತೇನೆ. ಮಾರ್ಕೆಟಿಂಗ್ ಓದಿ, ನಾಲ್ಕು ವರ್ಷದಿಂದ ಅದೇ ಕೆಲಸದಲ್ಲಿದ್ದೀರಿ. ಕಳೆದ ವರ್ಷ ನೀವು ಬರೆದ ಹಲವು ಇಮೇಲ್ ಪ್ರಚಾರಗಳಲ್ಲಿ ಒಂದಕ್ಕೆ ಭರ್ಜರಿ ಆರ್ಡರ್ ಬಂತು. ಈ ವರ್ಷ ಅದೇ ಧಾಟಿ, ಅಷ್ಟೇ ಬಜೆಟ್. ಬಂದದ್ದು ಅರ್ಧಕ್ಕಿಂತ ಕಡಿಮೆ. ನಿಮ್ಮ ಜೊತೆಗೇ ಕೆಲಸಕ್ಕೆ ಸೇರಿ ಲೆಕ್ಕಪತ್ರ ವಿಭಾಗಕ್ಕೆ ಹೋದ ಗೆಳತಿ ಎರಡೇ ವರ್ಷದಲ್ಲಿ ಪಳಗಿಬಿಟ್ಟರು, ನೀವು ಇನ್ನೂ ಅಂದಾಜಿನ ಮೇಲೇ ನಡೆಯುತ್ತಿದ್ದೀರಿ. ಮೇಲಿನವರಂತೂ ಪ್ರತಿ ಸಲ "ಇಷ್ಟು ಹಾಕಿದರೆ ಎಷ್ಟು ಬರುತ್ತೆ, ಅದನ್ನ ಹೇಳಿ" ಎನ್ನುತ್ತಾರೆ. "ಇದು ನನ್ನ ದಡ್ಡತನವೋ, ಈ ವಿದ್ಯೆಯೇ ಟೊಳ್ಳೋ?" ಎಂಬುದು ನಿಮ್ಮ ಪ್ರಶ್ನೆ.

ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳಿಬಿಡುತ್ತೇನೆ. ದಡ್ಡತನ ನಿಮ್ಮದಲ್ಲ, ವಿದ್ಯೆ ಪೂರ್ತಿ ಟೊಳ್ಳೂ ಅಲ್ಲ. ಆದರೆ ಈ ಕೆಲಸದಲ್ಲಿ ಫಲಿತಾಂಶವೆಂಬುದು ಕೆಟ್ಟ ಮೇಷ್ಟ್ರು. ಸರಿ ಮಾಡಿದಾಗ ಬೈಯುತ್ತದೆ, ತಪ್ಪು ಮಾಡಿದಾಗ ಬೆನ್ನು ತಟ್ಟುತ್ತದೆ, ಅದೂ ತಡವಾಗಿ.

ನಿಮ್ಮ ಗೆಳತಿಯ ಕೆಲಸವನ್ನೇ ನೋಡಿ. ಜಮೆ-ಖರ್ಚು ತಾಳೆಯಾಗದಿದ್ದರೆ ಅಂದೇ ಗೊತ್ತಾಗುತ್ತದೆ, ತಪ್ಪು ಎಲ್ಲಿದೆ ಎಂದು ಹುಡುಕಿದರೆ ಸಿಗುತ್ತದೆ, ನಾಳೆಯೂ ಅದೇ ನಿಯಮ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅನುಭವಿಗಳ ಒಳಗಣ್ಣಿನ ಬಗ್ಗೆ ವಿರುದ್ಧ ಅಭಿಪ್ರಾಯ ಇದ್ದವರು. ಒಬ್ಬರಿಗೆ ಅದರ ಮೇಲೆ ಅನುಮಾನ, ಇನ್ನೊಬ್ಬರಿಗೆ ಅಪಾರ ಗೌರವ. ಕೊನೆಗೆ 2009ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದು, ಎರಡು ಷರತ್ತುಗಳನ್ನು ಒಪ್ಪಿಕೊಂಡರು. ಅನುಭವದಿಂದ ಪರಿಣತಿ ಬರಬೇಕಾದರೆ ಕೆಲಸದ ಲೋಕದಲ್ಲಿ ಒಂದು ಕ್ರಮ ಇರಬೇಕು. ಆ ಕ್ರಮವನ್ನು ಕಲಿಯಲು ಸಾಕಷ್ಟು ಅವಕಾಶ ಮತ್ತು ಸ್ಪಷ್ಟ ಪ್ರತಿಕ್ರಿಯೆ ಸಿಗಬೇಕು. ಬೆಂಕಿ ಆರಿಸುವವರಿಗೆ, ನರ್ಸ್‌ಗಳಿಗೆ ಇವು ಸಿಗುತ್ತವೆ. ಷೇರುಪೇಟೆಯಲ್ಲಿ ಕಣಿ ಹೇಳುವವರಿಗೆ ಸಿಗುವುದಿಲ್ಲ. ಮಾರ್ಕೆಟಿಂಗ್‌ನ ಬಹುಪಾಲು ಈ ಎರಡನೆಯ ಗುಂಪಿಗೇ ಹತ್ತಿರ ಎಂಬುದು ನನ್ನ ಅನಿಸಿಕೆ.

ಜಾಹೀರಾತಿನ ಫಲ ಎಷ್ಟು ಎಂಬುದು ಹಣ ಖರ್ಚು ಮಾಡಿದ ಮೇಲಾದರೂ ತಿಳಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವಲ್ಲ, ಅದೇ ಸುಲಭವಲ್ಲ. ರ್ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿಗಳು ಹಾಗೂ ಷೇರು ದಲ್ಲಾಳಿ ಸಂಸ್ಥೆಗಳ 25 ಆನ್‌ಲೈನ್ ಜಾಹೀರಾತು ಪ್ರಯೋಗಗಳ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಹತ್ತಾರು ಲಕ್ಷ ಗ್ರಾಹಕರನ್ನು ಮುಟ್ಟಿದ ಪ್ರಯೋಗಗಳು. ಆದರೂ ಅರ್ಧಕ್ಕರ್ಧ ಪ್ರಯೋಗಗಳಲ್ಲಿ, ಹಾಕಿದ ಹಣದಲ್ಲಿ ಅರ್ಧ ಮುಳುಗಿತೋ ಅಥವಾ ಅದರ ಮೇಲೆ ಅರ್ಧದಷ್ಟು ಲಾಭ ಬಂತೋ ಎಂಬುದನ್ನು ಕೂಡ ಖಚಿತವಾಗಿ ಹೇಳಲಾಗಲಿಲ್ಲ! ಕಾರಣ ಸರಳ. ಯಾವುದೇ ವಾರ ತೆಗೆದುಕೊಳ್ಳಿ, ಹೆಚ್ಚಿನವರು ಏನನ್ನೂ ಕೊಳ್ಳುವುದಿಲ್ಲ, ಕೆಲವರು ಕೈತುಂಬ ಕೊಳ್ಳುತ್ತಾರೆ. ಹೀಗಾಗಿ ತಲಾ ಖರೀದಿಯ ಏರಿಳಿತ ಸರಾಸರಿಯ ಹತ್ತು ಪಟ್ಟು ಇರುವುದು ಸಾಮಾನ್ಯ. ಒಬ್ಬ ವ್ಯಕ್ತಿಗೆ ಜಾಹೀರಾತು ತೋರಿಸಲು ತಗಲುವ ಖರ್ಚೋ ಪುಡಿಗಾಸು. ಆ ಪುಡಿಗಾಸು ಹುಟ್ಟಿತೇ ಎಂದು ಈ ಏರಿಳಿತದ ಗದ್ದಲದಲ್ಲಿ ಹುಡುಕಲು ಒಂದು ಕೋಟಿ ಜನರನ್ನು ಒಂದು ವಾರ ಗಮನಿಸಿದಷ್ಟು ಮಾಹಿತಿಯೂ ಸಾಲದೆ ಹೋಗಬಹುದು ಎನ್ನುತ್ತಾರೆ ಅವರು. ಅಂಥ ಕಂಪನಿಗಳಿಗೇ ಈ ಗತಿಯಾದರೆ, ಕೆಲವು ಸಾವಿರ ಇಮೇಲ್ ಕಳಿಸಿ ನೀವು ಯಾವ ಪಾಠ ಕಲಿಯುತ್ತೀರಿ?

ಇನ್ನು ಬೆನ್ನು ತಟ್ಟುವ ಫಲಿತಾಂಶದ ಕಥೆ. ಆನ್‌ಲೈನ್ ಮಾರಾಟ ತಾಣ ನಡೆಸುವ ಇಬೇ ಕಂಪನಿ ಸರ್ಚ್ ಜಾಹೀರಾತಿಗೆ, ಅಂದರೆ ಗೂಗಲ್‌ನಂಥ ಕಡೆ ಏನಾದರೂ ಹುಡುಕಿದಾಗ ಫಲಿತಾಂಶದ ಜೊತೆ ಕಾಣುವ ಜಾಹೀರಾತಿಗೆ, ಸಾಕಷ್ಟು ಹಣ ಸುರಿಯುತ್ತಿತ್ತು. ಜಾಹೀರಾತು ಕ್ಲಿಕ್ ಮಾಡಿದವರು ಬಂದು ಕೊಳ್ಳುತ್ತಿದ್ದರು, ವರದಿಗಳು ಚೆನ್ನಾಗಿ ಕಾಣುತ್ತಿದ್ದವು. 2012ರಲ್ಲಿ, "ಇಬೇ" ಎಂದೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವು ಸರ್ಚ್ ಎಂಜಿನ್‌ಗಳಲ್ಲಿ ನಿಲ್ಲಿಸಿ ನೋಡಿದರು. ಕಳೆದುಹೋದ ಕ್ಲಿಕ್‌ಗಳಲ್ಲಿ ಶೇಕಡಾ 99.5ರಷ್ಟು ಅದೇ ಪುಟದ ಉಚಿತ ಕೊಂಡಿಯ ಮೂಲಕ ವಾಪಸ್ ಬಂದವು. ಅಂದರೆ ಹೇಗೂ ಬರುವವರಿಗೇ ದಾರಿಖರ್ಚು ಕೊಟ್ಟು ಕರೆಸುತ್ತಿದ್ದರು. ಬೇರೆ ಪದಗಳ ಮೇಲಿನ ಜಾಹೀರಾತನ್ನು ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿದಾಗ, ಹೊಸಬರು ಮತ್ತು ಅಪರೂಪಕ್ಕೆ ಬರುವವರ ಮೇಲೆ ಮಾತ್ರ ಸ್ವಲ್ಪ ಪರಿಣಾಮ ಕಂಡಿತು, ಪದೇ ಪದೇ ಕೊಳ್ಳುವವರು ಜಾಹೀರಾತು ಇಲ್ಲದೆಯೂ ಕೊಂಡರು. ನಿಲ್ಲಿಸಿ ನೋಡುವ ಧೈರ್ಯ ಮಾಡದಿದ್ದರೆ ಆ ವಿಭಾಗದಲ್ಲಿ ಹತ್ತು ವರ್ಷ ದುಡಿದವರಿಗೂ ಇದು ತಿಳಿಯುತ್ತಿರಲಿಲ್ಲ. ಅನುಭವ ಹೆಚ್ಚಿದಷ್ಟೂ ತಪ್ಪು ನಂಬಿಕೆ ಗಟ್ಟಿಯಾಗುತ್ತಿತ್ತು, ಅಷ್ಟೇ.

ಇದೆಲ್ಲ ಅಳತೆಯ ತೊಂದರೆ, ಅಳತೆ ಸರಿಹೋದರೆ ಭವಿಷ್ಯ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲೂ ಒಂದು ಗಂಟಿದೆ. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ನನಗೆ ಇಡೀ ವಿಷಯದ ತಿರುಳಿನಂತೆ ಕಾಣುತ್ತದೆ. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿನವರಿಗೆ ಬೇರೆಯವರ ಆಯ್ಕೆ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಬೇರೆ ಬೇರೆ ಲೋಕಗಳಾಗಿ ಹಂಚಿ, ಆಯಾ ಲೋಕದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂದು ತೋರಿಸಿದರು. ಹಾಡುಗಳು ಅವೇ, ಕೇಳುಗರೂ ಅಂಥವರೇ. ಆದರೂ ಪ್ರತಿ ಲೋಕದಲ್ಲೂ ಬೇರೆ ಬೇರೆ ಹಾಡುಗಳು ಮೇಲೆದ್ದವು. ಸ್ವತಂತ್ರವಾಗಿ ಕೇಳಿದವರ ನಡುವೆ 26ನೇ ಸ್ಥಾನದಲ್ಲಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು! ಅತ್ಯುತ್ತಮ ಹಾಡು ತೀರಾ ಕೆಳಗೆ ಬೀಳುವುದು ಅಪರೂಪ, ಕಳಪೆ ಹಾಡು ಗೆಲ್ಲುವುದೂ ಅಪರೂಪ. ನಡುವಿನದೆಲ್ಲ, ಮೊದಲ ಕೆಲವರು ಯಾವುದನ್ನು ಮುಟ್ಟಿದರು ಎಂಬುದರ ಮೇಲೆ ಹೋಯಿತು. ನಮ್ಮ ನಿಮ್ಮ ಸರಕುಗಳಲ್ಲಿ ಹೆಚ್ಚಿನವು ಆ ನಡುವಿನವೇ ತಾನೆ?

ನಿಜ ಜೀವನದಲ್ಲಿ ನಮಗೆ ನೋಡಸಿಗುವುದು ಒಂದೇ ಲೋಕ. ಅಲ್ಲಿ ಗೆದ್ದವರು ತಮ್ಮ ಗೆಲುವಿಗೆ ಕಾರಣ ಹೇಳುತ್ತಾರೆ, ಉಳಿದವರು ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಪತ್ರಿಕೆಯ ಮೇಜಿಗೆ ಬರುವ ಲೇಖನಗಳೂ ಹಾಗೇ. "ನಾವು ಹೀಗೆ ಮಾಡಿ ಗೆದ್ದೆವು" ಎಂಬವು ರಾಶಿ ರಾಶಿ. ಅದನ್ನೇ ಮಾಡಿ ಸೋತವರು ಲೇಖನ ಬರೆಯುವುದಿಲ್ಲ.

ಜನರನ್ನು ಮೊದಲೇ ಕೇಳಿಬಿಟ್ಟರಾಯಿತು ಎನ್ನುವವರಿಗೆ ಕೋಕಾ-ಕೋಲಾದ ಹಳೆಯ ಕಥೆ ಸಾಕು. ಸುಮಾರು ಎರಡು ಲಕ್ಷ ರುಚಿ ಪರೀಕ್ಷೆ ನಡೆಸಿ, ಹೊಸ ರುಚಿಯೇ ಮೇಲು ಎಂದು ಖಚಿತಪಡಿಸಿಕೊಂಡು, 1985ರ ಏಪ್ರಿಲ್‌ನಲ್ಲಿ ಅದನ್ನು ಬಿಡುಗಡೆ ಮಾಡಿದರು. ಜುಲೈನಲ್ಲಿ ಹಳೆಯದನ್ನು ಮರಳಿ ತಂದರು. ಗುಟುಕು ಕುಡಿದು ಹೇಳುವ ಅಭಿಪ್ರಾಯವೇ ಬೇರೆ, ಅಭ್ಯಾಸವಾದದ್ದನ್ನು ಕಿತ್ತುಕೊಂಡಾಗ ಬರುವ ಸಿಟ್ಟೇ ಬೇರೆ.

ಇನ್ನೊಂದು ಕಷ್ಟ ನಿಮ್ಮ ಪಠ್ಯಪುಸ್ತಕದಲ್ಲಿ ಇರಲಾರದು. ಇಲ್ಲಿ ಕಲಿತದ್ದು ಬಳಸಿದಷ್ಟೂ ಸವೆಯುತ್ತದೆ. 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಎಂಬ ಜಾಲತಾಣದಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯ ಬ್ಯಾನರ್ (ಪುಟದ ಮೇಲಿನ ಪಟ್ಟಿಯಂಥ) ಜಾಹೀರಾತು ಕಾಣಿಸಿಕೊಂಡಾಗ, ನೋಡಿದವರಲ್ಲಿ ಶೇಕಡಾ 44ರಷ್ಟು ಮಂದಿ ಕ್ಲಿಕ್ ಮಾಡಿದರು ಎನ್ನುತ್ತಾರೆ. ಈಗ ಬ್ಯಾನರ್‌ಗಳಿಗೆ ಶೇಕಡಾ ಒಂದೂ ಸಿಗುವುದು ಕಷ್ಟ. ಸೇತುವೆ ಕಟ್ಟುವ ವಿಧಾನವನ್ನು ಎಲ್ಲರೂ ಕಲಿತರೆ ಸೇತುವೆ ಬೀಳುವುದಿಲ್ಲ. ಗಮನ ಸೆಳೆಯುವ ವಿಧಾನವನ್ನು ಎಲ್ಲರೂ ಕಲಿತ ದಿನ ಅದು ಗಮನ ಸೆಳೆಯುವುದಿಲ್ಲ. ಮೇಲಾಗಿ ನೆಲವೇ ಅಲುಗಾಡುತ್ತಿರುತ್ತದೆ. 2021ರ ಏಪ್ರಿಲ್‌ನಲ್ಲಿ ಆಪಲ್, ಬೇರೆ ಆ್ಯಪ್‌ಗಳಲ್ಲಿ ಬಳಕೆದಾರರನ್ನು ಹಿಂಬಾಲಿಸಲು ಅವರ ಅನುಮತಿ ಕಡ್ಡಾಯ ಎಂದಿತು. ಹಾಗೆ ಹಿಂಬಾಲಿಸಿ ಸಿಗುವ ಮಾಹಿತಿಯನ್ನೇ ನೆಚ್ಚಿಕೊಂಡು ಫೇಸ್‌ಬುಕ್ ಜಾಹೀರಾತಿನಲ್ಲಿ ಪಳಗಿದ್ದ ಎಷ್ಟೋ ಜನರ ಲೆಕ್ಕಾಚಾರ ಒಂದೇ ಅಪ್‌ಡೇಟ್‌ನಿಂದ ತಲೆಕೆಳಗಾಯಿತು.

ಹಾಗಾದರೆ ನಿಮ್ಮ ಇಮೇಲ್‌ಗೆ ಏನಾಯಿತು? ನಾನು ಮೊದಲು ಅನುಮಾನಿಸುವುದು ಬರಹವನ್ನಲ್ಲ, ಆಯ್ಕೆಯನ್ನು. ಕಳೆದ ವರ್ಷ ಕಳಿಸಿದ ಹಲವು ಮೇಲ್‌ಗಳಲ್ಲಿ ಅತ್ಯಂತ ಹೆಚ್ಚು ಆರ್ಡರ್ ತಂದದ್ದನ್ನೇ ಹೆಕ್ಕಿ ಮತ್ತೆ ಮಾಡಿದಿರಿ. ಹಲವುಗಳಲ್ಲಿ ಮೊದಲು ಬಂದದ್ದರೊಳಗೆ ಗುಣದ ಜೊತೆ ಅದೃಷ್ಟವೂ ಬೆರೆತಿರುತ್ತದೆ. ಎರಡನೇ ಸಲ ಗುಣ ಉಳಿಯುತ್ತದೆ, ಅದೃಷ್ಟ ಉಳಿಯಬೇಕೆಂದಿಲ್ಲ. ತೀರಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರುವುದಿಲ್ಲ ಎಂದು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತೋರಿಸಿದ್ದು ಇದನ್ನೇ. ಹಾಗಾಗಿ ಈ ವರ್ಷದ ಇಳಿತದಿಂದ "ಆ ಧಾಟಿ ಹಳತಾಯಿತು" ಎಂಬ ತೀರ್ಮಾನಕ್ಕೂ ಬರಬೇಡಿ. ಅದೂ ಆ ಮೇಷ್ಟ್ರ ಪಾಠವೇ.

ಕಲಿಯಬಹುದಾದದ್ದೂ ಇದೆ. ಮಾರ್ಕೆಟಿಂಗ್ ಸಂಶೋಧಕ ಆಂಡ್ರ್ಯೂ ಎರೆನ್‌ಬರ್ಗ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಖರೀದಿಯ ದಾಖಲೆಗಳನ್ನು ಕೆದಕಿ, ಸರಕಿನಿಂದ ಸರಕಿಗೆ ಅಷ್ಟಾಗಿ ಬದಲಾಗದ ಕೆಲವು ಕ್ರಮಗಳನ್ನು ಗುರುತಿಸಿದರು. ಉದಾಹರಣೆಗೆ, ಸಣ್ಣ ಬ್ರ್ಯಾಂಡ್‌ಗೆ ಗಿರಾಕಿಗಳೂ ಕಡಿಮೆ, ಇರುವ ಗಿರಾಕಿಗಳು ಮರಳಿ ಕೊಳ್ಳುವುದೂ ತುಸು ಕಡಿಮೆ. "ನಮ್ಮ ಗಿರಾಕಿಗಳಿಗೆ ನಿಷ್ಠೆಯೇ ಇಲ್ಲ" ಎಂದು ಗಾಬರಿಯಾಗುವ ಸಣ್ಣ ಕಂಪನಿಗೆ ಇದನ್ನು ತಿಳಿಸುವುದು ನಿಜವಾದ ಪರಿಣತಿ. ಅಂಚೆ ಮಾರಾಟದ ಕಾಲದಲ್ಲಿ ಪ್ರತಿ ಜಾಹೀರಾತಿನ ಕೂಪನ್ನಿಗೂ ಬೇರೆ ಬೇರೆ ಗುರುತು ಹಾಕಿ, ಯಾವ ಕೂಪನ್ ಎಷ್ಟು ಮರಳಿತು ಎಂದು ಎಣಿಸುತ್ತಿದ್ದವರೂ ತಮ್ಮ ಕೆಲಸ ಬಲ್ಲವರೇ. ಅವರಿಗೆ ಫಲಿತಾಂಶ ಬೇಗ ಸಿಗುತ್ತಿತ್ತು, ಯಾವುದರ ಫಲ ಎಂದೂ ಗೊತ್ತಿರುತ್ತಿತ್ತು.

ನೀವೂ ಆ ಕಡೆ ಸರಿಯಬಹುದು. ಮುಂದಿನ ಮೇಲ್ ಕಳಿಸುವಾಗ ಪಟ್ಟಿಯ ಹತ್ತನೇ ಒಂದು ಭಾಗವನ್ನು ಚೀಟಿ ಎತ್ತಿದಂತೆ ಆರಿಸಿ, ಅವರಿಗೆ ಏನೂ ಕಳಿಸಬೇಡಿ. ಎರಡು ವಾರ ಕಳೆದ ಮೇಲೆ ಎರಡೂ ಗುಂಪಿನ ತಲಾ ಆರ್ಡರ್ ಹೋಲಿಸಿ. ಕಳಿಸುವ ಮುಂಚೆ ನಿಮ್ಮ ಅಂದಾಜನ್ನು ದಿನಾಂಕ ಹಾಕಿ ಬರೆದಿಡಿ, ಇಲ್ಲದಿದ್ದರೆ ಆಮೇಲೆ "ನಾನು ಅಂದುಕೊಂಡಿದ್ದೇ ಇದು" ಎನಿಸುತ್ತದೆ. ಪಟ್ಟಿ ಚಿಕ್ಕದಿದ್ದರೆ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಬಟನ್ನಿನ ಬಣ್ಣ ಬದಲಿಸಿ ಕಾಲ ಕಳೆಯದೆ ಬೆಲೆ, ಕೊಡುಗೆ, ಯಾರಿಗೆ ಕಳಿಸುತ್ತೀರಿ ಎಂಬಂಥ ದೊಡ್ಡ ಸಂಗತಿಗಳನ್ನು ಬದಲಿಸಿ ನೋಡಿ.

ಮೇಲಿನವರ "ಎಷ್ಟು ಬರುತ್ತೆ" ಪ್ರಶ್ನೆಗೆ ಒಂದೇ ಅಂಕಿ ಕೊಡಬೇಡಿ. ಇದುವರೆಗಿನ ಎಲ್ಲ ಪ್ರಚಾರಗಳ ಫಲವನ್ನು, ಸೋತವನ್ನೂ ಸೇರಿಸಿ, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ಮುಂದಿಡಿ. ಈ ಸಲವೂ ಇದರೊಳಗೆ ಎಲ್ಲೋ ಬರುತ್ತದೆ, ಅತಿ ಕಡಿಮೆ ಬಂದರೂ ತಡೆದುಕೊಳ್ಳುವಷ್ಟೇ ಹಣ ಹಾಕೋಣ ಎನ್ನಿ. ಅವರಿಗೆ ಇದು ಹಿಡಿಸಲಿಕ್ಕಿಲ್ಲ. ಕೆಲವು ಕಡೆ ಧೈರ್ಯವಾಗಿ ಸುಳ್ಳು ಅಂಕಿ ಹೇಳಿದವರಿಗೇ ಬಡ್ತಿ ಸಿಗುತ್ತದೆ ಎಂಬುದನ್ನೂ ನಾನು ಬಲ್ಲೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಪ್ರಯೋಗದ ಫಲ ಬಂದ ಮೇಲೆ ಬರೆಯಿರಿ. ಏನೂ ವ್ಯತ್ಯಾಸ ಕಾಣದಿದ್ದರೂ ಬರೆಯಿರಿ, ಪ್ರಕಟಿಸುತ್ತೇವೆ. ಅಂಥ ಪತ್ರಗಳು ನಮಗೆ ಬರುವುದೇ ಇಲ್ಲ.

— ಸಂಪಾದಕ